ಮಲ್ಲಾಪುರದಿಂದ ಹೋಟಗಿಗೆ

ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ಊರುಗಳ ಹೆಸರು ದೊಡ್ಡದು. ಆದರೆ ರೈಲು ನಿಲ್ದಾಣ ಮೂರರಲ್ಲಿ ಒಂದಕ್ಕೂ ಇಲ್ಲ. ರೋಣದವರು ರೈಲು ಹಿಡಿಯಬೇಕೆಂದರೆ ಮಲ್ಲಾಪುರಕ್ಕೋ ಹೊಳೆಆಲೂರಿಗೋ ಬರಬೇಕು. ಗದಗಿನಿಂದ ವಿಜಾಪುರದ ಮೇಲೆ ಹಾಯ್ದು ಸೊಲ್ಲಾಪುರದ ಬಳಿಯ ಹೋಟಗಿಯನ್ನು ಸೇರುವ ಈ ಹಳಿಯನ್ನು ಸದರ್ನ್ ಮರಾಠಾ ರೈಲ್ವೆ ಕಂಪನಿ 1880ರ ದಶಕದಲ್ಲಿ ಹಾಕಿತು. 1876–78ರ ಘೋರ ಬರವೇ ಅದಕ್ಕೆ ಪ್ರೇರಣೆ. ಕಾಳು ತರಲೆಂದು ಬಂದ ಹಳಿ ಮುಂದೆ ನಮ್ಮ ಹತ್ತಿಯನ್ನು ಒಯ್ದಿತು. ದುಡಿಯುವವರನ್ನು ಸೊಲ್ಲಾಪುರದ ಗಿರಣಿಗಳಿಗೆ ಒಯ್ದಿತು. 1951ರಲ್ಲಿ ನಮ್ಮ ಅಕ್ಕನನ್ನೂ ಒಯ್ದಿತು.

ದಕ್ಷಿಣ ಸೊಲ್ಲಾಪುರದ ಒಂದು ಹಳ್ಳಿಗೆ ಅವಳನ್ನು ಕೊಟ್ಟಿದ್ದೆವು. ಅಂದು ಧಾರವಾಡ, ವಿಜಾಪುರ, ಸೊಲ್ಲಾಪುರ ಮೂರೂ ಮುಂಬಯಿ ರಾಜ್ಯದ ಜಿಲ್ಲೆಗಳು. ಮಗಳು ದೂರವಾದಳೆಂದು ಅವ್ವ ಅತ್ತಳೇ ಹೊರತು, ಪರರಾಜ್ಯಕ್ಕೆ ಹೋದಳೆಂದಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ಭೀಮೆಯ ಈಚೆ ನಾವು, ಆಚೆ ಅಕ್ಕ. ಆಚೆಯ ದಂಡೆಯ ಮನೆಮನೆಗಳಲ್ಲಿ ಅಂದೂ ಕನ್ನಡವೇ. ಇಂದೂ ಅನೇಕ ಮನೆಗಳಲ್ಲಿ ಕನ್ನಡವೇ.

ಪಂಚಮಿಗೆ ಅಕ್ಕತಂಗಿಯರನ್ನು ಕರೆತರಲು ಅಣ್ಣತಮ್ಮಂದಿರು ಹೋಗುವುದು ನಮ್ಮ ಕಡೆಯ ರೂಢಿ. ನಾನು ನೌಕರಿಗೆ ಸೇರಿದ ಮೇಲೆ ಆ ರೂಢಿ ತಪ್ಪಿತು. ಪ್ರತಿ ಶ್ರಾವಣದಲ್ಲಿ ಒಂದು ಕಾಗದ ಬರೆದು ಕೈತೊಳೆದುಕೊಳ್ಳುತ್ತಿದ್ದೆ. 1983ರಲ್ಲಿ ಮಾತ್ರ, ಏನು ಮನಸ್ಸಾಯಿತೋ, ಬುತ್ತಿ ಕಟ್ಟಿಸಿಕೊಂಡು ಮಲ್ಲಾಪುರದಲ್ಲಿ ಬೆಳಗಿನ ಗಾಡಿ ಹತ್ತಿದೆ.

ಅದು ಮೀಟರ್ ಗೇಜಿನ ಕಾಲ. ಕಿಟಕಿಯ ಹೊರಗೆ ಮುಖ ಹಾಕಿದರೆ ಕಣ್ಣಿಗೆ ಕಲ್ಲಿದ್ದಲ ಕಿಡಿ. ನನ್ನ ಎದುರಿಗೆ ಗಜೇಂದ್ರಗಡದ ನೇಕಾರನೊಬ್ಬ ಕುಳಿತಿದ್ದ. ಸೊಲ್ಲಾಪುರದಲ್ಲಿ ಮಗ್ಗದ ಕೆಲಸ ಹುಡುಕಿ ಹೊರಟವನು. ಪಕ್ಕದಲ್ಲಿ ನರಗುಂದದ ರೈತ. ಹೊಳೆಆಲೂರು ದಾಟಿ ಮಲಪ್ರಭೆಯ ಸೇತುವೆ ಬಂದಾಗ ಅವನು ನೀರನ್ನೇ ದಿಟ್ಟಿಸಿದ. ಈ ನೀರಿನ ಕರದ ವಿರುದ್ಧ ನರಗುಂದ, ನವಲಗುಂದಗಳಲ್ಲಿ ರೈತರು ಬಂಡೆದ್ದು, ಗೋಳೀಬಾರು ಆಗಿ ಆಗ ಮೂರೇ ವರ್ಷವಾಗಿತ್ತು. ಆ ಮಾತನ್ನು ಅವನೂ ತೆಗೆಯಲಿಲ್ಲ, ನಾನೂ ಕೇಳಲಿಲ್ಲ. ರೊಟ್ಟಿ, ಶೇಂಗಾ ಹಿಂಡಿ ಮೂವರಲ್ಲೂ ಹಂಚಿಹೋಯಿತು.

ಬಾದಾಮಿಯ ಕೆಂಗಲ್ಲು ಹಿಂದೆ ಸರಿಯಿತು. ಬಾಗಲಕೋಟೆಯ ಆಚೆ ಘಟಪ್ರಭೆ, ಆಲಮಟ್ಟಿಯಲ್ಲಿ ಕೃಷ್ಣೆ, ವಿಜಾಪುರದಲ್ಲಿ ಗೋಳಗುಮ್ಮಟ, ಇಂಡಿಯ ಆಚೆ ಭೀಮೆ. ಗಾಡಿ ಗಡಿ ದಾಟಿತು. ನಿಲ್ದಾಣದ ಫಲಕ ಬದಲಾಯಿತು. ಹತ್ತಿದವರ ಮಾತು ಬದಲಾಗಲಿಲ್ಲ.

ಹೋಟಗಿಯಲ್ಲಿಳಿದು ಊರು ಸೇರುವಾಗ ದೀಪ ಹಚ್ಚುವ ಹೊತ್ತು. ಭಾವ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಊಟವಾದ ಮೇಲೆ ಅಕ್ಕ ಟ್ರಂಕಿನಿಂದ ನಾಲ್ಕು ಕಾಗದ ತೆಗೆದು ನನ್ನ ಮುಂದಿಟ್ಟಳು. ಒಂದನ್ನೂ ಒಡೆದಿರಲಿಲ್ಲ.

“ನಿಮ್ಮ ಭಾವ ಇರೂತನಾ ಓದಿ ಹೇಳ್ತಿದ್ರು, ತಮ್ಮಾ. ಹುಡುಗರೆಲ್ಲಾ ಮರಾಠಿ ಸಾಲಿ ಕಲಿತಾವ. ನೀ ಬಂದಾಗ ಓದಿಸ್ಕೋಬೇಕಂತ ಇಟ್ಟೇನಿ” ಎಂದಳು.

ಕಂದೀಲಿನ ಬೆಳಕಿನಲ್ಲಿ ನನ್ನ ಕಾಗದಗಳನ್ನು ನಾನೇ ಓದತೊಡಗಿದೆ. “ಕೆಲಸ ಬಹಳ. ಈ ಸಲ ಬರಲಾಗದು. ಮುಂದಿನ ಪಂಚಮಿಗೆ ತಪ್ಪದೆ ಬರುತ್ತೇನೆ.” ಎರಡನೆಯದರಲ್ಲೂ ಅದೇ. ಮೂರನೆಯದನ್ನು ಒಡೆದಾಗ ಅಕ್ಕನ ಹತ್ತು ವರ್ಷದ ಮೊಮ್ಮಗ ನನಗಿಂತ ಮೊದಲೇ ಆ ವಾಕ್ಯ ಹೇಳಿ ನಕ್ಕ. ಅಕ್ಕ ನಗಲಿಲ್ಲ. “ಓದು, ಓದು” ಎಂದಳು. ನಾಲ್ಕನೆಯದನ್ನು ಓದಿ ಮುಗಿಸಿದೆ. ಆ ಪಂಚಮಿಗೆ ಅವಳನ್ನು ಅದೇ ಗಾಡಿಯಲ್ಲಿ ಕರೆತಂದೆ. ಆ ಮೇಲೆ ಅವಳಿರುವ ತನಕ ತಪ್ಪಿಸಲಿಲ್ಲ.

ಅಕ್ಕ ಈಗಿಲ್ಲ. ಆ ಹುಡುಗ ಇಂದಿಗೂ ನನಗೆ ಕಾಗದ ಬರೆಯುತ್ತಾನೆ: ಮಾತು ಕನ್ನಡ, ಅಕ್ಷರ ನಾಗರಿ. ನಾನು ತಡವರಿಸುತ್ತ ಓದುತ್ತೇನೆ. ಹಳಿ ಈಗ ಬ್ರಾಡ್ ಗೇಜ್ ಆಗಿದೆ, ದಾರಿ ಬೇಗ ಸಾಗುತ್ತದೆ. ಕೇಳುಗರೆ, ಭೀಮೆಯ ಆಚೆ ನಿಮ್ಮವರು ಯಾರಾದರೂ ಇದ್ದರೆ, ಕಾಗದ ಬರೆದು ಸುಮ್ಮನಾಗಬೇಡಿ. ಹೋಗಿ ಬನ್ನಿ.