ಕಪ್ಪತಗುಡ್ಡದ ಮಕ್ಕಳಿಗೆ ಕಲ್ಲಿನ ವಿದ್ಯೆ ಯಾಕೆ ದೂರ?

(ಲಕ್ಷ್ಮೇಶ್ವರದಲ್ಲಿ ನಡೆದ ಕಾಲೇಜು ವಿದ್ಯಾರ್ಥಿಗಳ ಸಭೆಯಲ್ಲಿ ಸ್ಥಳೀಯ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹ ರೂಪ)



ನಾನು ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿನಲ್ಲಿ ಮೊಳೆ ಜೋಡಿಸಲು ಕುಂತವನು. ಭೂಗರ್ಭಶಾಸ್ತ್ರದ ಬಗ್ಗೆ ಮಾತಾಡಲು ಇವನಿಗೇನು ಅಧಿಕಾರ ಎಂದು ನೀವು ಕೇಳಬಹುದು. ಒಂದೇ ಅಧಿಕಾರ. ಆ ಮೊಳೆಗಳು ಸೀಸ, ಆಂಟಿಮನಿ, ತವರ ಮೂರೂ ಕೂಡಿ ಆದವು, ಮೂರೂ ನೆಲದೊಳಗಿಂದ ಬಂದವು. ಕನ್ನಡದ ಅಕ್ಷರ ನೂರಕ್ಕೂ ಹೆಚ್ಚು ವರ್ಷ ಗಣಿಯ ಲೋಹದ ಮೇಲೆ ನಿಂತಿತ್ತು. ಈಗ ಗಣಿಯ ವಿದ್ಯೆ ಕನ್ನಡದ ಅಕ್ಷರದ ಮೇಲೆ ನಿಲ್ಲಬಾರದೇ ಎಂದು ಕೇಳಲು ಬಂದಿದ್ದೇನೆ.

ನಮ್ಮ ಊರು ಯಾವುದು? ಪುಲಿಗೆರೆ. ತಿರುಳ್ಗನ್ನಡದ ನಾಡು ಎಂದು ಕವಿರಾಜಮಾರ್ಗ ಹೆಸರಿಸಿದ ಊರುಗಳಲ್ಲಿ ಒಂದು, ಪಂಪ ತನ್ನ ಕಾವ್ಯಕ್ಕೆ ಆರಿಸಿಕೊಂಡ ಕನ್ನಡದ ಊರು. ಇದನ್ನು ಪ್ರತಿ ರಾಜ್ಯೋತ್ಸವದಲ್ಲೂ ಹೇಳುತ್ತೇವೆ, ಚಪ್ಪಾಳೆಯೂ ಬೀಳುತ್ತದೆ. ಆದರೆ ಹೇಳದೇ ಬಿಡುವ ಇನ್ನೊಂದು ಮಾತಿದೆ. ಜಗತ್ತಿನ ಯಾವ ದೇಶದ ಭೂವಿಜ್ಞಾನಿಯನ್ನು ಬೇಕಾದರೂ ಕೇಳಿ, ಧಾರವಾಡ ಎಂದರೆ ಗೊತ್ತು ಎನ್ನುತ್ತಾನೆ. ಪೇಡೆಯಿಂದಲ್ಲ, ಕಲ್ಲಿನಿಂದ! ರಾಬರ್ಟ್ ಬ್ರೂಸ್ ಫುಟ್ ಎಂಬ ಇಂಗ್ಲಿಷ್ ಭೂವಿಜ್ಞಾನಿ 1874ರಲ್ಲೇ ಡಂಬಳದ ಗುಡ್ಡಗಳ ಚಿನ್ನದ ಬಗ್ಗೆ ಬರೆದ. ಡಂಬಳದ ಗುಡ್ಡ ಅಂದರೆ ನಮ್ಮ ಕಪ್ಪತಗುಡ್ಡದ ಸಾಲು. 1880ರ ದಶಕದಲ್ಲಿ ಅವನೇ ದಕ್ಷಿಣ ಭಾರತದ ಚಿನ್ನ ಹೊತ್ತ ಪದರುಶಿಲೆಗಳಿಗೆ ಧಾರವಾಡದ ಹೆಸರಿಟ್ಟ. 250 ಕೋಟಿ ವರ್ಷಕ್ಕೂ ಹಳೆಯ ಕಲ್ಲುಗಳವು. ಗದಗ ಜಿಲ್ಲೆ 1997ರಲ್ಲಿ ಬೇರೆಯಾಗುವ ತನಕ ನಾವೂ ಧಾರವಾಡ ಜಿಲ್ಲೆಯವರೇ. ಹೆಸರು ನಮ್ಮದು, ಕಲ್ಲು ನಮ್ಮದು. ಓದಿದವರು ಯಾರು?

ಫುಟ್ ಬರುವುದಕ್ಕೂ ಮೊದಲು ಇಲ್ಲಿ ಚಿನ್ನ ತಿಳಿದವರು ಇದ್ದರು. ಜಾಲಗಾರರು ಅಂತ ಅವರಿಗೆ ಹೆಸರು. ಮಳೆ ಬಿದ್ದ ಮೇಲೆ ಸೊರಟೂರಿನ ಕಡೆಯ ಹಳ್ಳಗಳಲ್ಲಿ ಮರಳು ತೊಳೆದು ಚೂರು ಚಿನ್ನ ತೆಗೆಯುತ್ತಿದ್ದರು. ಯಾವ ಹಳ್ಳದ ಯಾವ ತಿರುವಿನಲ್ಲಿ ಚಿನ್ನ ನಿಲ್ಲುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಬಿಳಿಯ ಸಾಹೇಬರು ಅವರನ್ನು ಕೇಳಿ ಕೇಳಿಯೇ ವರದಿ ಬರೆದರು. ವರದಿ ಇಂಗ್ಲಿಷಿನಲ್ಲಿ ಉಳಿಯಿತು, ಜಾಲಗಾರನ ವಿದ್ಯೆ ಜಾಲಗಾರನ ಜೊತೆ ಮಣ್ಣಾಯಿತು. ನಾನು ಇಷ್ಟು ಹೊತ್ತು ಹೇಳಬೇಕೆಂದಿದ್ದ ನೋವು ಇದೇ.

ಈಗ ಇಲ್ಲಿ ಕುಂತ ಕೆಲವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಎದ್ದಿರಬೇಕು. "ಕಪ್ಪತಗುಡ್ಡ ಉಳಿಸ್ರಿ ಅಂತ ಕರಪತ್ರ ಅಚ್ಚು ಹಾಕಿದವರೂ ನೀವ, ಗಣಿ ಓದ್ರಿ ಅನ್ನವರೂ ನೀವ, ಇದೆಂಥಾ ಮಾತ್ರಿ ಅಣ್ಣಾರ?" ಸರಿಯಾದ ಪ್ರಶ್ನೆ. 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯ ಹೊಲಗಳ ಮೇಲೆ ಪೋಸ್ಕೋ ಉಕ್ಕಿನ ಕಾರ್ಖಾನೆ ಬರುತ್ತದೆ ಎಂದಾಗ ರೈತರ ಬೆನ್ನಿಗೆ ತೋಂಟದ ಸಿದ್ಧಲಿಂಗ ಸ್ವಾಮಿಗಳು ನಿಂತರು, ಆ ಯೋಜನೆ ಹಿಂದೆ ಹೋಯಿತು. 2015ರಲ್ಲಿ ಕಪ್ಪತಗುಡ್ಡವನ್ನು ಸಂರಕ್ಷಿತ ಪ್ರದೇಶ ಎಂದು ಸಾರಿದ ಸರ್ಕಾರ 2016ರಲ್ಲಿ ಅದನ್ನು ವಾಪಸ್ ಪಡೆಯಿತು. ಮತ್ತೆ ಹೋರಾಟ, ಮತ್ತೆ ಸ್ವಾಮಿಗಳು ಬೀದಿಗೆ. 2017ರಲ್ಲಿ ಆದೇಶ ಮರಳಿ ಬಂತು, 2019ರಲ್ಲಿ ವನ್ಯಜೀವಿಧಾಮವಾಯಿತು. ಆ ದಿನಗಳಲ್ಲಿ ನಾನು ಅಚ್ಚು ಹಾಕಿದ ಕರಪತ್ರಗಳಲ್ಲಿ ಭಾವನೆ ಬೇಕಾದಷ್ಟಿತ್ತು. ಆದರೆ ಕಂಪನಿಯವರ ವರದಿ ಓದಿ, ಇಷ್ಟು ಟನ್ ಕಲ್ಲಿಗೆ ಇಷ್ಟು ಗ್ರಾಂ ಚಿನ್ನ, ಅದಕ್ಕೆ ಇಷ್ಟು ಸಯನೈಡ್, ಇಷ್ಟು ನೀರು, ಉಳಿಯುವ ವಿಷದ ಹೂಳು ಎಲ್ಲಿಗೆ ಹೋಗುತ್ತದೆ ಎಂದು ನಮ್ಮ ಪರವಾಗಿ ನಮ್ಮ ಮಾತಿನಲ್ಲಿ ಬಿಡಿಸಿ ಹೇಳುವ ಈ ನೆಲದ ಹುಡುಗರು ಎಷ್ಟು ಮಂದಿ ಇದ್ದರು? ಬೆರಳಲ್ಲಿ ಎಣಿಸಬೇಕು. ಗುಡ್ಡ ಅಗೆಯುವವನಿಗೂ ಭೂವಿಜ್ಞಾನ ಬೇಕು, ಗುಡ್ಡ ಕಾಯುವವನಿಗೆ ಇನ್ನೂ ಹೆಚ್ಚು ಬೇಕು.

ಗಣಿ ಬೇಡವೇ ಬೇಡ ಎನ್ನುವವನೂ ನಾನಲ್ಲ. ರಾಯಚೂರು ಜಿಲ್ಲೆಯ ಹಟ್ಟಿಗೆ ಹೋಗಿ ನೋಡಿ. ಎರಡು ಸಾವಿರ ವರ್ಷದ ಹಿಂದೆ ನಮ್ಮವರು ಅಗೆದ ಜಾಗದಲ್ಲೇ ಇವತ್ತು ಸರ್ಕಾರದ ಕಂಪನಿ ಚಿನ್ನ ತೆಗೆಯುತ್ತಿದೆ. ಮಲ್ಲಪ್ಪ ಶಾಫ್ಟ್ ಎಂದು ಕನ್ನಡದ ಹೆಸರು ಹೊತ್ತ ಬಾವಿ ಅಲ್ಲಿದೆ. ಕೋಲಾರದ ಕಥೆ ಬೇರೆ. 1880ರಿಂದ ಜಾನ್ ಟೇಲರ್ ಕಂಪನಿಯವರು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದರು. ಶಿವನಸಮುದ್ರದ ಕರೆಂಟು 1902ರಲ್ಲಿ ಮೊದಲು ಹೋದದ್ದು ಗಣಿಗೆ, ಬೆಂಗಳೂರಿಗೆ ದೀಪ ಬಂದದ್ದು ಆಮೇಲೆ. ಮೇಲೆ ಇಂಗ್ಲಿಷಿನವರು, ಕೆಳಗೆ ಆರ್ಕಾಟಿನ ಕಡೆಯಿಂದ ಬಂದ ಬಡ ತಮಿಳು ಕೂಲಿಗಳು. ಆ ಕೂಲಿಗಳ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ, ಕಲ್ಲಿನ ದೂಳು ಕುಡಿದು ಶ್ವಾಸಕೋಶ ಕಳೆದುಕೊಂಡವರು ಅವರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಬೀದಿಗೆ ಬಿದ್ದವರೂ ಅವರೇ. ನನ್ನ ತಕರಾರು ಇಷ್ಟು: ನೂರಿಪ್ಪತ್ತು ವರ್ಷ ಕನ್ನಡ ನೆಲದಲ್ಲಿ ನಡೆದ ಉದ್ಯಮ ತನ್ನ ವಿದ್ಯೆಯನ್ನು ಕನ್ನಡದಲ್ಲಿ ಒಂದು ಕಪಾಟು ತುಂಬುವಷ್ಟು ಪುಸ್ತಕವಾಗಿಯೂ ಬಿಟ್ಟು ಹೋಗಲಿಲ್ಲ.

ಇರಲಿ, ದುಡ್ಡಿನ ಮಾತಿಗೆ ಬರೋಣ. ನಿಮ್ಮ ಮನೆಗಳಲ್ಲಿ ಮೊದಲು ಕೇಳುವುದು ಅದನ್ನೇ. "ಓದಾಕ ರೊಕ್ಕ ಯಾರು ಕೊಡ್ತಾರ?"

ಕೊಡುವವರಿದ್ದಾರೆ, ಕೇಳುವವರಿಲ್ಲ. ರೈತನ ಮಕ್ಕಳಿಗೆ 2021ರಲ್ಲಿ ರೈತ ವಿದ್ಯಾನಿಧಿ ಶುರುವಾದಾಗ ಬಿ.ಎಸ್ಸಿ. ಹುಡುಗನಿಗೆ ವರ್ಷಕ್ಕೆ 5,000, ಹುಡುಗಿಗೆ 5,500. ಇಂಜಿನಿಯರಿಂಗಿಗೆ 10,000, ಹುಡುಗಿಗೆ 11,000 ಎಂದು ಗೊತ್ತುಮಾಡಿದರು. ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ. 2008ರಲ್ಲಿ ಕೇಂದ್ರದವರು ಇನ್‌ಸ್ಪೈರ್ ಎಂದು ತಂದರು. ದ್ವಿತೀಯ ಪಿಯುಸಿಯಲ್ಲಿ ರಾಜ್ಯದ ಮೊದಲ ನೂರಕ್ಕೆ ಒಂದರ ಸಾಲಿನಲ್ಲಿ ಬಂದು ಮೂಲ ವಿಜ್ಞಾನ ಓದುವವರಿಗೆ ವರ್ಷಕ್ಕೆ 80,000 ರೂಪಾಯಿ. ಭೂಗರ್ಭಶಾಸ್ತ್ರ ಆ ಪಟ್ಟಿಯಲ್ಲಿದೆ. ಗೇಟ್ ಪರೀಕ್ಷೆ ಪಾಸಾಗಿ ಎಂ.ಟೆಕ್.ಗೆ ಹೋದರೆ ತಿಂಗಳಿಗೆ 12,400 ರೂಪಾಯಿ ಎಂಬ ಲೆಕ್ಕ ಬಹಳ ವರ್ಷದಿಂದ ನಡೆದುಕೊಂಡು ಬಂದಿದೆ. ಭೂವಿಜ್ಞಾನಕ್ಕೂ ಗೇಟ್ ಇದೆ, ಗಣಿ ಇಂಜಿನಿಯರಿಂಗಿಗೂ ಇದೆ. ಎಸ್ಸೆಸ್ಸೆಲ್ಸಿ ಸಾಕು ಎನ್ನುವವನಿಗೆ ಕೆ.ಜಿ.ಎಫ್.ನ ಊರ್ಗಾಂನಲ್ಲಿ ಸ್ಕೂಲ್ ಆಫ್ ಮೈನ್ಸ್ ಡಿಪ್ಲೊಮಾ ಇದೆ. ಸುರತ್ಕಲ್ಲಿನಲ್ಲಿ ಗಣಿ ಇಂಜಿನಿಯರಿಂಗ್ ಇದೆ. ಎಂ.ಎಸ್ಸಿ.ಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಇಲ್ಲಿಂದ ಬಸ್ ಹತ್ತಿದರೆ ಬೆಳಗಿನೊಳಗೆ ತಲುಪುವ ದೂರ.

ತಂಗಿಯರೇ, ನಿಮಗೊಂದು ಮಾತು. 1952ರ ಗಣಿ ಕಾಯ್ದೆ ಹೆಣ್ಣುಮಕ್ಕಳನ್ನು ನೆಲದ ಕೆಳಗೆ ಇಳಿಯಲು ಬಿಟ್ಟಿರಲಿಲ್ಲ. 2019ರಲ್ಲಿ ತಾಂತ್ರಿಕ, ಮೇಲ್ವಿಚಾರಣೆಯ ಕೆಲಸಗಳಿಗೆ ಹಗಲು ಹೊತ್ತು ಇಳಿಯಲು ದಾರಿ ಬಿಟ್ಟರು. ಇದು ಹೆಣ್ಣುಮಕ್ಕಳ ಕೆಲಸವಲ್ಲ ಎಂದು ಯಾರಾದರೂ ಅಂದರೆ ಆ ವರ್ಷವನ್ನು ನೆನಪಿಟ್ಟುಕೊಂಡು ಹೇಳಿ.

ಇನ್ನೊಂದು ಹಣದ ಚೀಲ ಇದೆ, ಅದರ ಬಾಯಿ ಬಿಚ್ಚಿಸುವುದು ನಮ್ಮಂಥ ಸಂಘಟನೆಗಳ ಕೆಲಸ. 2015ರಲ್ಲಿ ಗಣಿ ಕಾಯ್ದೆ ತಿದ್ದಿ ಜಿಲ್ಲಾ ಖನಿಜ ಪ್ರತಿಷ್ಠಾನ ಎಂದು ಮಾಡಿದರು. ಗಣಿ ಮಾಲೀಕ ಸರ್ಕಾರಕ್ಕೆ ಕಟ್ಟುವ ರಾಜಧನದ ಮೇಲೆ, ಹಳೆಯ ಗುತ್ತಿಗೆಯಾದರೆ ನೂರಕ್ಕೆ 30, ಹರಾಜಿನ ಹೊಸ ಗುತ್ತಿಗೆಯಾದರೆ ನೂರಕ್ಕೆ 10ರಷ್ಟು ಈ ಪ್ರತಿಷ್ಠಾನಕ್ಕೆ ಬರಬೇಕು. ಗಣಿಯಿಂದ ಬಾಧೆಪಟ್ಟ ಊರುಗಳ ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಕೌಶಲ ತರಬೇತಿಗೆ ಅದು ಹೋಗಬೇಕು. ಶಿಕ್ಷಣ ಎಂದರೆ ಬರೀ ಶಾಲೆಯ ಕಾಂಪೌಂಡು, ಗೇಟು, ಉದ್ಘಾಟನೆಯ ಕಲ್ಲು ಎಂದು ತಿಳಿದಿದ್ದಾರೆ ನಮ್ಮವರು. ನಾನು ಕೇಳುವುದು: ಆ ಕಲ್ಲು ಯಾವ ಜಾತಿಯದು ಎಂದು ಹೇಳಬಲ್ಲ ಹುಡುಗನಿಗೆ ಅದೇ ಹಣದಲ್ಲಿ ವಿದ್ಯಾರ್ಥಿವೇತನ ಕೊಡಿ. ಬಳ್ಳಾರಿ, ಚಿತ್ರದುರ್ಗ, ಗದಗ, ರಾಯಚೂರು, ಎಲ್ಲಿ ನೆಲ ಅಗೆಯುತ್ತೀರೋ ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಮೊದಲ ಪಾಲು ಕೊಡಿ. ಸರೋಜಿನಿ ಮಹಿಷಿಯವರು 1986ರಲ್ಲಿ ವರದಿ ಕೊಟ್ಟರು, ಕನ್ನಡಿಗರಿಗೆ ಕೆಲಸ ಕೊಡಿ ಎಂದರು. ಅವರೂ ಧಾರವಾಡದವರೇ. ಕೆಲಸ ಕೊಡಿ ಎಂದರೆ "ಅರ್ಹರು ಸಿಗುತ್ತಿಲ್ಲ" ಎಂಬ ಸಿದ್ಧ ಉತ್ತರ ಬರುತ್ತದೆ. ಆ ಉತ್ತರದ ಬಾಯಿ ಮುಚ್ಚಿಸಲು ವಿದ್ಯಾರ್ಥಿವೇತನಕ್ಕಿಂತ ಒಳ್ಳೆಯ ಬೀಗ ಇಲ್ಲ.

ಈಗ ಭಾಷೆಯ ಅನ್ಯಾಯ ಕೇಳಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ, ಕೇಂದ್ರ ಅಂತರ್ಜಲ ಮಂಡಳಿಗೆ ವಿಜ್ಞಾನಿಗಳನ್ನು ಆರಿಸಲು ಯುಪಿಎಸ್‌ಸಿ ಒಂದು ಪರೀಕ್ಷೆ ನಡೆಸುತ್ತದೆ. ಪ್ರಶ್ನೆ ಇಂಗ್ಲಿಷಿನಲ್ಲಿ, ಉತ್ತರವೂ ಇಂಗ್ಲಿಷಿನಲ್ಲೇ. ಅದೇ ಯುಪಿಎಸ್‌ಸಿ ನಡೆಸುವ ಐಎಎಸ್ ಮುಖ್ಯ ಪರೀಕ್ಷೆಯಲ್ಲಿ ಭೂವಿಜ್ಞಾನ ಐಚ್ಛಿಕ ವಿಷಯ, ಅದನ್ನು ಕನ್ನಡದಲ್ಲಿ ಬರೆಯಬಹುದು! ಏನಿದರ ಅರ್ಥ? ಕಲ್ಲಿನ ವಿಷಯ ಕನ್ನಡದಲ್ಲಿ ಬರೆದು ಜಿಲ್ಲಾಧಿಕಾರಿ ಆಗಬಹುದು, ಕಲ್ಲಿನ ತಜ್ಞನಾಗುವಂತಿಲ್ಲ. ಇಂಗ್ಲಿಷ್ ಕಲಿಯಬೇಡಿ ಎಂದು ನಾನು ಹೇಳುವುದಿಲ್ಲ, ಕಲಿಯಿರಿ, ಚೆನ್ನಾಗಿಯೇ ಕಲಿಯಿರಿ. ಆದರೆ ಬಾಗಿಲಲ್ಲೇ ತಡೆಯುವ ಕೋಲಾಗಿ ಅದನ್ನು ಬಳಸಬಾರದು. ಗಣಿ ಕಾರ್ಮಿಕನಿಗೆ ಸಿಡಿಮದ್ದಿನ ಎಚ್ಚರಿಕೆ ಅವನ ಭಾಷೆಯಲ್ಲಿ ಹೇಳಬೇಕಾದ ಮ್ಯಾನೇಜರನಿಗೆ ಆ ಭಾಷೆ ಬಾರದಿದ್ದರೆ ಜೀವ ಹೋಗುವುದು ಯಾರದು?

ಕನ್ನಡದಲ್ಲಿ ಪದಗಳಿಲ್ಲ ಎನ್ನುವವರಿಗೆ ನಮ್ಮ ಅಜ್ಜಿಯನ್ನು ಕೇಳಿ ಎನ್ನುತ್ತೇನೆ. ಬೆಣಚುಕಲ್ಲು, ಬಳಪದ ಕಲ್ಲು, ಕಾಗೆ ಬಂಗಾರ, ಗರಸು, ಅದಿರು, ಎರೆ, ಮಸಾರಿ. ಲಕ್ಕುಂಡಿಯ ಗುಡಿ ಕಟ್ಟಿದ ಶಿಲ್ಪಿ ಯಾವ ಕಲ್ಲು ಉಳಿಗೆ ಒಗ್ಗುತ್ತದೆ ಎಂದು ಇಂಗ್ಲಿಷಿನಲ್ಲಿ ಓದಿದ್ದನೇ? 1958ರಲ್ಲಿ ಬೆಂಗಳೂರಿನಲ್ಲಿ ಜಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ ಕಟ್ಟಿದ ಬಿ.ಪಿ. ರಾಧಾಕೃಷ್ಣ ದೊಡ್ಡ ಭೂವಿಜ್ಞಾನಿ, ಕನ್ನಡದಲ್ಲೂ ಬರೆದವರು. ಶಿವರಾಮ ಕಾರಂತರು ವಿಜ್ಞಾನವನ್ನೇ ಸಂಪುಟ ಸಂಪುಟವಾಗಿ ಕನ್ನಡಕ್ಕೆ ತಂದರು. ದಾರಿ ಇದೆ, ನಡೆಯುವವರು ಕಡಿಮೆ.

ಹಿಂದಿನ ವಾರ ಬಿ.ಎಸ್ಸಿ. ಓದುವ ಹುಡುಗನೊಬ್ಬ ಪ್ರೆಸ್ಸಿಗೆ ಬಂದಿದ್ದ. "ಅಣ್ಣಾರ, ಭೂಗರ್ಭಶಾಸ್ತ್ರ ಅಂದ್ರ ಅಂಗೈ ಮ್ಯಾಲೆ ತೆಂಗಿನಕಾಯಿ ಇಟಗೊಂಡು ಬೋರ್ ಪಾಯಿಂಟ್ ತೋರಸೋದೇನ್ರಿ?" ಎಂದ. ನಕ್ಕೆ, ಆದರೆ ಅವನದೇನು ತಪ್ಪು? ನಮ್ಮ ಹೊಲಗಳಲ್ಲಿ ಅವನು ಕಂಡ ಭೂವಿಜ್ಞಾನಿ ಅವನೊಬ್ಬನೇ, ತೆಂಗಿನಕಾಯಿಯವನು. ಮುಂಡರಗಿ ಕಡೆಯ ಬೋರಿನ ನೀರಿನಲ್ಲಿ ಫ್ಲೋರೈಡ್, ಹಲ್ಲು ಹಳದಿಯಾದ ಮಕ್ಕಳು ನಮ್ಮ ಕಣ್ಣೆದುರೇ ಇದ್ದಾರೆ. ಯಾವ ಕಲ್ಲಿನಿಂದ ಆ ವಿಷ ನೀರಿಗೆ ಇಳಿಯುತ್ತದೆ, ಎಷ್ಟು ಆಳದಲ್ಲಿ ಒಳ್ಳೆಯ ನೀರು ಸಿಗಬಹುದು ಎಂದು ಹೇಳಬಲ್ಲವನು ಭೂವಿಜ್ಞಾನಿ. ಗಣಿಯ ಕೆಲಸ ಬೇಡ ಎನ್ನುವವನಿಗೆ ಈ ಕೆಲಸ ಇದೆ, ಸಾಯುವವರೆಗೂ ಮುಗಿಯದಷ್ಟು.

1901ರಲ್ಲಿ ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನ ಭಾರತದವರಿಗೂ ಗಣಿ ವಿದ್ಯೆಯ ಕಾಲೇಜು ಬೇಕು ಎಂದು ಗೊತ್ತುವಳಿ ಮಾಡಿತು. ಧನಬಾದಿನಲ್ಲಿ ಕಾಲೇಜು ತೆರೆದದ್ದು 1926ರಲ್ಲಿ. ಇಪ್ಪತ್ತೈದು ವರ್ಷ ಕಾಯಿಸಿದರು. ನಾವು ಅಷ್ಟು ಕಾಯುವುದು ಬೇಡ.

ನನ್ನಿಂದ ಆಗುವುದನ್ನು ಹೇಳಿಬಿಡುತ್ತೇನೆ. ಭೂವಿಜ್ಞಾನ, ಗಣಿ ವಿದ್ಯೆ ಓದಲು ಸಿಗುವ ಪ್ರತಿ ವಿದ್ಯಾರ್ಥಿವೇತನದ ಹೆಸರು, ಅರ್ಜಿಯ ಕೊನೆ ದಿನ, ಬೇಕಾದ ದಾಖಲೆ, ಇಷ್ಟನ್ನೂ ಕನ್ನಡದಲ್ಲಿ ಹದಿನಾರು ಪುಟದ ಕಿರುಹೊತ್ತಿಗೆ ಮಾಡೋಣ. ಕಾಗದ ನನ್ನದು, ಮುದ್ರಣ ನನ್ನದು, ಒಂದು ಪೈಸೆ ಬೇಡ. ಮಾಹಿತಿ ಕೂಡಿಸಿ ಬರೆಯುವ ಕೆಲಸ ಈ ಸಭೆಯಲ್ಲಿರುವ ವಿಜ್ಞಾನದ ವಿದ್ಯಾರ್ಥಿಗಳದು. ಐದು ಜನ ಈಗಲೇ ಹೆಸರು ಕೊಡಿ. ಎರಡು ವಾರದಲ್ಲಿ ಕರಡು ನನ್ನ ಮೇಜಿನ ಮೇಲಿರಲಿ, ತಿದ್ದಿ ಮೊದಲ ಸಾವಿರ ಪ್ರತಿ ಹಾಕಿಕೊಡುತ್ತೇನೆ. ಶಿರಹಟ್ಟಿ, ಮುಂಡರಗಿ ಕಾಲೇಜುಗಳಿಗೆ ಹಂಚಲು ಬೈಕು ಇದ್ದವರು ಎಷ್ಟು ಮಂದಿ ಇದ್ದೀರಿ, ಕೈ ಎತ್ತಿ ನೋಡೋಣ.