ಇದ್ದು ನೋಡಿ



ಕಳೆದ ವರ್ಷ ಅಮೆರಿಕಕ್ಕೆ ಹೋದಾಗ ಮಗಳು, "ಅಮ್ಮಾ, ಮನೆ ಮಾರಿ ಆರ್‌ವಿಯಲ್ಲೇ ಇರ್ತೀವಿ" ಅಂದಳು. ಆರ್‌ವಿ ಎಂದರೆ ಅಡುಗೆ, ಹಾಸಿಗೆ, ಶೌಚಾಲಯ ಎಲ್ಲ ಇರುವ ಬಂಡಿಮನೆ. ನನಗೆ ಎದೆ ಧಸಕ್ಕೆಂದಿತು. "ಮೊದಲು ಬಾಡಿಗೆಗೆ ತಂದು ಎರಡು ರಾತ್ರಿ ಇದ್ದು ನೋಡಿ" ಎಂದೆ. ನನ್ನನ್ನೂ ಕರೆದುಕೊಂಡೇ ಹೊರಟರು.

ಬಂಡಿಯಲ್ಲಿ ಮೂರು ಟ್ಯಾಂಕು: ಒಳ್ಳೆಯ ನೀರಿಗೊಂದು, ಸ್ನಾನ-ಪಾತ್ರೆಯ ಕೊಳೆನೀರಿಗೊಂದು, ಶೌಚಕ್ಕೊಂದು. ಮಗಳು, ಅಳಿಯ ಮನೆಯಲ್ಲಿದ್ದಂತೆಯೇ ಷವರ್ ಬಿಟ್ಟರು. ಬೆಳಗಾಗುವಾಗ ಮುಖಕ್ಕೂ ನೀರಿಲ್ಲ. 30 ಆಂಪಿಯರ್ ಕರೆಂಟಿನಲ್ಲಿ ಏಸಿ, ಮೈಕ್ರೋವೇವ್, ಕೆಟಲ್ ಒಟ್ಟಿಗೆ ಹಾಕಿದರು, ಅದೂ ಹೋಯಿತು.

ಮುಂಬಯಿಯ ಚಾಳಿನಲ್ಲಿ ನಸುಕಿಗೇ ಎದ್ದು ಹಂಡೆ ತುಂಬಿಸಿ ಬೆಳೆದವಳು ನಾನು. ಕ್ಯಾಂಪಿನ ನಲ್ಲಿಯಿಂದ ನೀರು ತರಿಸಿ, ಅರ್ಧ ಬಕೆಟ್ಟಿನಲ್ಲಿ ಪಾತ್ರೆ ತೊಳೆದು ತೋರಿಸಿದೆ.

ಎರಡನೇ ರಾತ್ರಿ ಇಬ್ಬರಿಗೂ ಜಗಳ. ಸಿಟ್ಟು ಮಾಡಿಕೊಂಡು ಹೋಗಿ ಕೂರಲು ಇನ್ನೊಂದು ಕೋಣೆಯಿಲ್ಲ! ಹೊರಗೆ ಬೆಂಚಿನ ಮೇಲೆ ಕೂತು ತಡರಾತ್ರಿಯವರೆಗೆ ಅವರೇ ಮಾತಾಡಿಕೊಂಡರು.

ಮನೆ ಮಾರಲಿಲ್ಲ. ಒಂದು ವರ್ಷಕ್ಕೆ ಬಾಡಿಗೆಗೆ ಕೊಟ್ಟು ಬಂಡಿ ಹತ್ತಿದ್ದಾರೆ. ನಾನು "ಬೇಡ" ಎಂದಿದ್ದರೆ ಮಗಳು ಹಟ ಹಿಡಿಯುತ್ತಿದ್ದಳು. "ಇದ್ದು ನೋಡಿ" ಎಂದದ್ದಕ್ಕೆ ಕೇಳಿದಳು. ಈಗ ಫೋನಿನಲ್ಲಿ ಮೊದಲು ಹೇಳುವುದು ಒಂದೇ: "ಅಮ್ಮಾ, ಇವತ್ತು ನೀರು ಉಳಿದಿದೆ!"