ಪಿಶಾಚಿಯ ಕತೆ, ಒಪ್ಪದ ಓದುಗರು



ದತ್ತಿ ಉಪನ್ಯಾಸವೆಂದರೆ ವಚನ, ಕೀರ್ತನೆ, ಕುಮಾರವ್ಯಾಸ ಎಂಬ ರೂಢಿ ನಮ್ಮ ಗದಗ ಸೀಮೆಯದು. ಆ ರೂಢಿಯಲ್ಲೇ ನಾನೂ ಬೆಳೆದವನು. ಆದರೂ ಇವತ್ತು ರಕ್ತ ಹೀರುವ ಪಿಶಾಚಿಗಳ ಕಾದಂಬರಿಗಳನ್ನು, ಅದಕ್ಕಿಂತ ಮುಖ್ಯವಾಗಿ ಅವುಗಳನ್ನು ಓದಿ ಒಬ್ಬರನ್ನೊಬ್ಬರು ಒಪ್ಪದೆ ವಾದಕ್ಕೆ ಬೀಳುವ ಓದುಗರನ್ನು ಕುರಿತು ಮಾತನಾಡಲು ಅಪ್ಪಣೆ ಕೇಳಿದೆ. ಸಂಘಟಕರು ಸಂತೋಷದಿಂದ ಕೊಟ್ಟರು. ಭಯದ ಕಾದಂಬರಿಗಳಿಗೆ ನಮ್ಮಲ್ಲಿ ಓದುಗರಿಗೇನೂ ಕೊರತೆಯಿಲ್ಲ. ಆ ಓದುಗರ ಮಾತಿಗೆ ಕಿವಿಗೊಟ್ಟ ವಿಮರ್ಶಕರು ಮಾತ್ರ ತೀರ ಕಡಿಮೆ.

ರೋಣ ತಾಲ್ಲೂಕಿನ ಸವಡಿ ಈ ಬಿಂಕದಕಟ್ಟಿಯಿಂದ ಬಹಳ ದೂರವಿಲ್ಲ. ಅದು ದುರ್ಗಸಿಂಹನ ಊರು. ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ಅವನು 11ನೆಯ ಶತಮಾನದಲ್ಲಿ ಕನ್ನಡಕ್ಕೆ ಪಂಚತಂತ್ರವನ್ನು ಕೊಟ್ಟ. ತನ್ನ ಕತೆಗಳ ಮೂಲ ಹೇಳುವಾಗ ವಸುಭಾಗಭಟ್ಟನನ್ನು ನೆನೆದು, ಅವನಿಂದಾಚೆಗೆ ಗುಣಾಢ್ಯನ ಬೃಹತ್ಕಥೆಯವರೆಗೂ ಹೋಗುತ್ತಾನೆ. ಆ ಬೃಹತ್ಕಥೆ ಹುಟ್ಟಿದ ಬಗೆಯನ್ನು ಅದೇ ಶತಮಾನದ ಕಾಶ್ಮೀರದ ಸೋಮದೇವ ‘ಕಥಾಸರಿತ್ಸಾಗರ’ದಲ್ಲಿ ವಿಸ್ತಾರವಾಗಿ ಹೇಳಿದ್ದಾನೆ. ನನ್ನ ಇವತ್ತಿನ ಮಾತಿಗೆ ಆಧಾರವೇ ಆ ಪ್ರಸಂಗ.

ವಿಂಧ್ಯದ ಕಾಡಿನಲ್ಲಿ ಕಾಣಭೂತಿ ಎಂಬ ಪಿಶಾಚ ಗುಣಾಢ್ಯನಿಗೆ ಕತೆ ಹೇಳುತ್ತದೆ. ಕಾಡಿನಲ್ಲಿ ಮಸಿ ಸಿಗುವುದಿಲ್ಲ. ಗುಣಾಢ್ಯ ಏಳು ವರ್ಷ ಕೂತು, ಪೈಶಾಚಿ ಭಾಷೆಯಲ್ಲಿ, ತನ್ನ ರಕ್ತದಿಂದಲೇ ಏಳು ಲಕ್ಷ ಶ್ಲೋಕ ಬರೆಯುತ್ತಾನೆ. ಶಿಷ್ಯರು ಅದನ್ನು ಸಾತವಾಹನನ ಬಳಿಗೆ ಒಯ್ಯುತ್ತಾರೆ. ಭಾಷೆ ಪಿಶಾಚಿಗಳದ್ದು, ಅಕ್ಷರ ರಕ್ತದ್ದು ಎಂದು ರಾಜ ತಿರಸ್ಕರಿಸುತ್ತಾನೆ. ಮನನೊಂದ ಗುಣಾಢ್ಯ ಗುಡ್ಡದ ಮೇಲೆ ಬೆಂಕಿ ಹಾಕಿ, ಒಂದೊಂದೇ ಓಲೆಯನ್ನು ಗಟ್ಟಿಯಾಗಿ ಓದುತ್ತ ಬೆಂಕಿಗೆ ಕೊಡುತ್ತಾನೆ. ಜಿಂಕೆ, ಹಂದಿ, ಕಾಡೆಮ್ಮೆಗಳು ಸುತ್ತ ನಿಂತು, ಮೇಯುವುದನ್ನೂ ಮರೆತು, ಕಣ್ಣೀರು ಸುರಿಸುತ್ತ ಕೇಳುತ್ತವೆ. ಇತ್ತ ರಾಜನಿಗೆ ಕಾಯಿಲೆ. ಸತ್ವವಿಲ್ಲದ ಒಣ ಮಾಂಸ ತಿಂದದ್ದೇ ಕಾರಣವೆಂದು ವೈದ್ಯರು ಹೇಳುತ್ತಾರೆ. ಅಡುಗೆಯವರು ಬೇಡರ ಕಡೆ ಕೈ ತೋರಿಸುತ್ತಾರೆ, ಬೇಡರು ಗುಡ್ಡದ ಕಡೆ ಕೈ ತೋರಿಸುತ್ತಾರೆ. ರಾಜ ಓಡೋಡಿ ಬರುವ ಹೊತ್ತಿಗೆ ಆರು ಲಕ್ಷ ಸುಟ್ಟು ಹೋಗಿತ್ತು. ಉಳಿದದ್ದು ಒಂದು ಲಕ್ಷ.

ರಾಜ ಮೊದಲ ಸಲ ಬೇಡವೆಂದಾಗ ಒಂದು ಓಲೆಯನ್ನೂ ಓದಿರಲಿಲ್ಲ. ಭಾಷೆ ನೋಡಿದ, ಮಸಿ ನೋಡಿದ, ತೀರ್ಪು ಕೊಟ್ಟ. ಭಯದ ಕಾದಂಬರಿಯ ಮೇಲೆ ಇವತ್ತಿಗೂ ಬರುವ ತೀರ್ಪುಗಳಲ್ಲಿ ಬಹಳಷ್ಟು ಈ ಜಾತಿಯವು. ಮುಖಪುಟದ ತಲೆಬುರುಡೆ ನೋಡಿ ಪುಸ್ತಕ ಕೆಳಗಿಡುವವರ ಅಸಮಾಧಾನ ಒಂದು. ಹನ್ನೊಂದು ಭಾಗ ಓದಿ ಹನ್ನೆರಡನೆಯದನ್ನು ನೊಂದು ಕೆಳಗಿಡುವವರ ಅಸಮಾಧಾನವೇ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಎರಡನೆಯವರ ಪರವಾಗಿ ಮಾತನಾಡಲೆಂದೇ ನಾನು ಬಂದಿದ್ದೇನೆ.

ನಮ್ಮ ಮನೆಗಳಿಗೆ ಪಿಶಾಚಿ ಸರಣಿಯಾಗಿ ಬಂದದ್ದು ಮೊದಲು ‘ಚಂದಮಾಮ’ದಲ್ಲಿ. 1948ರಿಂದ ಕನ್ನಡದಲ್ಲಿ ಬಂದ ಆ ಪತ್ರಿಕೆಯ ಬೇತಾಳನ ಕತೆ, ಹೆಣ ಹೆಗಲಿಗೇರಿಸಿ ಕತ್ತಿ ಹಿಡಿದು ನಡೆಯುವ ವಿಕ್ರಮನ ಚಿತ್ರ ಯಾರಿಗೆ ನೆನಪಿಲ್ಲ? ಸಂಸ್ಕೃತದಲ್ಲಿ ಬೇತಾಳ ಹೇಳಿದ್ದು 25 ಕತೆ. ಕೊನೆಯದಕ್ಕೆ ರಾಜನ ಬಳಿ ಉತ್ತರವಿಲ್ಲ, ಅಲ್ಲಿಗೆ ಹೊರಕತೆ ಮುಗಿಯುತ್ತದೆ. ಪತ್ರಿಕೆ ಅದನ್ನು ಮುಗಿಸಲಿಲ್ಲ, ಹೊಸ ಹೊಸ ಕತೆಗಳನ್ನು ಕಟ್ಟಿ ದಶಕಗಟ್ಟಲೆ ಬೆಳೆಸಿತು. ನಮ್ಮ ಓಣಿಯಲ್ಲಿ ಆಗಲೇ ಎರಡು ಪಕ್ಷ. ‘ಯಾವಾಗ್ ನೋಡಿದ್ರೂ ಮತ್ತ ಗಿಡಾ ಏರ್ತೈತಿ’ ಎಂದು ಬೇಸತ್ತವರು ಒಂದು ಕಡೆ. ಕತೆ ನಿಲ್ಲಬಾರದು, ಅಷ್ಟೇ ಸಾಕು ಎನ್ನುವವರು ಇನ್ನೊಂದು ಕಡೆ.

ಇನ್ನು ಎಂಬತ್ತರ ದಶಕ. ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ವಂಶಿಯವರ ಅನುವಾದದಲ್ಲಿ ಕನ್ನಡಕ್ಕೆ ಬಂತು. 1985ರಲ್ಲಿ ಸಿನಿಮಾ ಕೂಡ ಆಯಿತು. ಪುಟ್ಟ ಹುಡುಗಿಯೊಬ್ಬಳ ಮೇಲೆ ಮಾಟದ ಪ್ರಯೋಗ. ಕೊನೆಗೆ ಮಗು ಉಳಿದದ್ದು ವೈದ್ಯರ ಉಪಾಯದಿಂದಲೋ, ಮಾಟ ಮುರಿದದ್ದರಿಂದಲೋ ಎಂಬುದನ್ನು ಲೇಖಕರು ಓದುಗರಿಗೇ ಬಿಟ್ಟರು. ಆ ಕಾದಂಬರಿಯ ಬಲವಿದ್ದದ್ದು ಅಲ್ಲಿ. ಮುಂದಿನ ಭಾಗ ‘ತುಳಸಿ’ಯಲ್ಲಿ ಕಾಷ್ಮೋರ ಎಂಬ ದುಷ್ಟಶಕ್ತಿಯ ಲೋಕವೇ ಮುಂದೆ ಬಂತು.

ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಗಳು ಆಗ ಗದಗ-ಬೆಟಗೇರಿಯಲ್ಲೂ ಇದ್ದವು. ರಟ್ಟು ಹಾಕಿ ದಾರದಿಂದ ಹೊಲಿದ ಆ ಪ್ರತಿಗಳ ಕೊನೆಯ ಖಾಲಿ ಹಾಳೆ ನನಗೆ ಕಾದಂಬರಿಯಷ್ಟೇ ಪ್ರಿಯವಾಗಿತ್ತು. ಪೆನ್ಸಿಲ್ಲಿನಲ್ಲಿ ಒಬ್ಬರು, ‘ರಾತ್ರಿ ಓದಬ್ಯಾಡ್ರಿ, ನಿದ್ದಿ ಬರೂದಿಲ್ಲ.’ ಅದರ ಕೆಳಗೆ ನೀಲಿ ಮಸಿಯಲ್ಲಿ, ‘ಮೊದಲನೇ ಭಾಗ ಓದೀದವ್ರು ಇದನ್ನ ಓದಬ್ಯಾಡ್ರಿ, ಮನಸು ಕೆಡತೈತಿ.’ ಅದಕ್ಕೆ ಬಾಣದ ಗುರುತು ಹಾಕಿ ಮೂರನೆಯವರು, ‘ಇದ ಛಲೋ ಐತಿ. ಅದರಾಗ ಬಿಟ್ಟಿದ್ದು ಇದರಾಗ ಸಿಗತೈತಿ.’ ಹೆಸರಿಲ್ಲ, ಊರಿಲ್ಲ. ಒಬ್ಬರ ಮುಖ ಇನ್ನೊಬ್ಬರು ಕಂಡಿಲ್ಲ. ಆದರೂ ಒಂದೇ ಹಾಳೆಯ ಮೇಲೆ ಕೂತು ವಾದ ಮಾಡಿದ್ದಾರೆ. ಸರಣಿ ಕಾದಂಬರಿಯ ಇಡೀ ತಾಪತ್ರಯ ಆ ಕೊನೆಯ ಎರಡು ಸಾಲುಗಳಲ್ಲಿದೆ. ಬಿಟ್ಟದ್ದನ್ನು ಹಾಗೇ ಬಿಟ್ಟಿರಬೇಕಿತ್ತು ಎನ್ನುವವರು ಒಬ್ಬರು, ಬಿಟ್ಟದ್ದನ್ನು ಕೊಡಬೇಕು ಎನ್ನುವವರು ಇನ್ನೊಬ್ಬರು.

ಮಾಟದ ಕತೆಗಳು ಮೂಢನಂಬಿಕೆ ಬೆಳೆಸುತ್ತವೆ ಎಂದು ವಿಚಾರವಾದಿಗಳು ಆಗ ಗಟ್ಟಿಯಾಗಿಯೇ ವಿರೋಧಿಸಿದರು. ಆ ಆತಂಕಕ್ಕೆ ಕಾರಣವಿತ್ತು. ಕಲಬುರಗಿ, ಬೀದರ ಕಡೆ ಭಾನಾಮತಿ ಎಂಬ ಮಾಟದ ಹೆಸರಿನಲ್ಲಿ ಹೆಣ್ಣುಮಕ್ಕಳು ನರಳಿದ್ದು ಕತೆಯಲ್ಲ. ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಅದರ ಬಗ್ಗೆ ಅಧ್ಯಯನ ಮಾಡಿ, ಅದು ಮನಸ್ಸಿನ ಸಂಕಟ ಎಂದು ತಿಳಿಹೇಳಿದರು. ವಾಮಾಚಾರ ತಡೆಗೆ ನಮ್ಮ ರಾಜ್ಯ 2017ರಲ್ಲಿ ಕಾಯ್ದೆಯನ್ನೇ ಮಾಡಬೇಕಾಯಿತು. ಆದರೆ ಕೊನೆಯ ಹಾಳೆಯ ಮೇಲೆ ಬರೆದವರು ಮಾಟವನ್ನು ನಂಬಿ ಬರೆದವರಲ್ಲ. ಕತೆ ತನ್ನ ಮಾತು ಉಳಿಸಿಕೊಂಡಿತೇ ಎಂದು ಕೇಳಿದವರು.

ಬಿಟ್ಟದ್ದನ್ನು ಕೊಡಬೇಕೋ ಬೇಡವೋ ಎಂಬ ಆ ವಾದಕ್ಕೆ ಹೊರನಾಡಿನ ಒಂದು ಉದಾಹರಣೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1897ರಲ್ಲಿ ಬ್ರಾಮ್ ಸ್ಟೋಕರ್ ಪ್ರಕಟಿಸಿದ ‘ಡ್ರಾಕುಲಾ’ದಲ್ಲಿ ಮೊದಲ ನಾಲ್ಕು ಅಧ್ಯಾಯಗಳ ನಂತರ ಡ್ರಾಕುಲಾ ಕಣ್ಣಿಗೆ ಬೀಳುವುದೇ ಅಪರೂಪ. ಕಾಣದಿದ್ದಷ್ಟೂ ಅವನು ಬೆಳೆಯುತ್ತಾನೆ. ಅಮೆರಿಕದ ಆನ್ ರೈಸ್ 1976ರಲ್ಲಿ ‘ಇಂಟರ್‌ವ್ಯೂ ವಿತ್ ದ ವ್ಯಾಂಪೈರ್’ ಪ್ರಕಟಿಸಿ ಇದನ್ನು ತಿರುವುಮುರುವು ಮಾಡಿದರು. ಅಲ್ಲಿ ರಕ್ತಪಿಪಾಸುವೇ ಟೇಪ್ ರೆಕಾರ್ಡರಿನ ಮುಂದೆ ಕೂತು ತನ್ನ ಕತೆ ಹೇಳುತ್ತಾನೆ. ಎಂದೂ ಬೆಳೆಯದೆ ಮಗುವಾಗಿಯೇ ಉಳಿಯುವ ಕ್ಲಾಡಿಯಾ ಅದರಲ್ಲಿದ್ದಾಳೆ. ರೈಸ್ 1972ರಲ್ಲಿ ತಮ್ಮ ಪುಟ್ಟ ಮಗಳನ್ನು ರಕ್ತದ ಕ್ಯಾನ್ಸರಿನಿಂದ ಕಳೆದುಕೊಂಡಿದ್ದರು. ಆ ದುಃಖ ಪುಸ್ತಕದ ಪುಟಪುಟದಲ್ಲೂ ಇದೆ ಎಂದು ನನಗೆ ಅನ್ನಿಸುತ್ತದೆ.

ಆ ಸರಣಿ 2018ರವರೆಗೆ 13 ಕಾದಂಬರಿಗಳಾಗಿ ಬೆಳೆಯಿತು. 1988ರ ‘ದ ಕ್ವೀನ್ ಆಫ್ ದ ಡ್ಯಾಮ್ಡ್’ನಲ್ಲಿ ರಕ್ತಪಿಪಾಸುಗಳ ಮೂಲ ತಿಳಿಯುತ್ತದೆ. ಪ್ರಾಚೀನ ಈಜಿಪ್ಟಿನ ರಾಣಿಯೊಬ್ಬಳ ಮೈಯೊಳಗೆ ಅಮೆಲ್ ಎಂಬ ಆತ್ಮ ಹೊಕ್ಕಿತು, ಅಂದಿನಿಂದ ಈ ಕುಲ. ಅಮೆಲ್ ಯಾರು? 28 ವರ್ಷಗಳ ನಂತರ, 2016ರಲ್ಲಿ, ಹನ್ನೆರಡನೆಯ ಕಾದಂಬರಿ ‘ಪ್ರಿನ್ಸ್ ಲೆಸ್ಟಾಟ್ ಅಂಡ್ ದ ರೆಲ್ಮ್ಸ್ ಆಫ್ ಅಟ್ಲಾಂಟಿಸ್’ ಉತ್ತರ ಕೊಟ್ಟಿತು. ಮುಳುಗಿದ ನಗರ ಅಟ್ಲಾಂಟಿಸ್, ಬೇರೆ ಗ್ರಹದವರು, ಅವರು ತಯಾರಿಸಿ ಕಳಿಸಿದ ಜೀವಿಗಳು. ಮಸಣ, ಮೇಣದಬತ್ತಿ, ಹಳೆಯ ಬಂಗಲೆಗಳ ಸರಣಿ ಒಮ್ಮೆಗೇ ವಿಜ್ಞಾನಕತೆಯ ಕಡೆ ಹೊರಳಿತು.

ಓದುಗರು ಇಬ್ಭಾಗವಾದರು. ಆತ್ಮಕ್ಕೆ ಜೀವಶಾಸ್ತ್ರ ಬಂದ ಮೇಲೆ ಇನ್ನೇನು ಭಯ ಎಂದು ಕೆಲವರು. ಅಮೆಲ್‌ಗೂ ಒಂದು ಬದುಕಿತ್ತು, ಪ್ರೀತಿಯಿತ್ತು, ಅದು ಗೊತ್ತಾದ ಮೇಲೆ ಹಿಂದಿನ ಪುಸ್ತಕಗಳೇ ಬೇರೆಯಾಗಿ ಕಾಣುತ್ತಿವೆ ಎಂದು ಕೆಲವರು. ಸರಣಿಯ ನಾಯಕ ಲೆಸ್ಟಾಟ್ ರಾಜಕುಮಾರನಾಗಿ ಫ್ರಾನ್ಸಿನ ಕೋಟೆಮನೆಯಲ್ಲಿ ದರ್ಬಾರು ನಡೆಸುವುದು ಹಳೆಯ ಒಂಟಿ ಲೆಸ್ಟಾಟ್‌ನನ್ನು ಪ್ರೀತಿಸಿದವರಿಗೆ ಸಹಿಸಲಾಗಲಿಲ್ಲ. ಅದೇ ದರ್ಬಾರಿನಲ್ಲಿ, ಸಾವಿರಾರು ವರ್ಷ ಅಲೆದವರಿಗೆ ಕೊನೆಗೂ ಒಂದು ಮನೆ ಸಿಕ್ಕಿತೆಂದು ಸಂತೋಷಪಟ್ಟವರೂ ಇದ್ದಾರೆ.

ನನ್ನ ಅಭಿಪ್ರಾಯ ಕೇಳಿದರೆ, ಭಯದ ವಿಷಯದಲ್ಲಿ ಮೊದಲ ಪಕ್ಷದ ಮಾತೇ ಸರಿ. ಇಂಥ ಕಾದಂಬರಿಯಲ್ಲಿ ಮನೆಯೂ ಕತ್ತಲೆಯೂ ಮುಚ್ಚಿದ ಬಾಗಿಲೂ ಕೆಲಸ ಮಾಡಬೇಕು. ಈ ಪುಸ್ತಕದಲ್ಲಿ ಬಾಗಿಲುಗಳೆಲ್ಲ ತೆರೆದಿವೆ, ಎಲ್ಲರೂ ಸಭೆ ಸೇರಿ ಉದ್ದುದ್ದ ಮಾತಾಡುತ್ತಾರೆ. ಆದರೆ ಉತ್ತರ ಕೊಟ್ಟದ್ದೇ ತಪ್ಪು ಎಂಬುದನ್ನು ನಾನು ಒಪ್ಪಲಾರೆ. ನಲವತ್ತು ವರ್ಷ ಒಂದೇ ಲೋಕವನ್ನು ಬರೆದ ಲೇಖಕಿ ಓದುಗರಿಗೆ ತೀರಿಸಬೇಕಾದ ಬಾಕಿ ಅದು. 2021ರಲ್ಲಿ ತೀರಿಕೊಳ್ಳುವ ಮೊದಲು ಅವರು ಅದನ್ನು ತೀರಿಸಿದರು. ತೀರಿಸಿದ ಬಗೆ ಕೆಲವರಿಗೆ ಹಿಡಿಸಲಿಲ್ಲ. ಹೊಸಬರು ಈ ಹನ್ನೆರಡನೆಯದರಿಂದ ಶುರುಮಾಡಬಾರದು, ಮೊದಲ ಮೂರನ್ನು ಓದಿ ಬರಬೇಕು.

ಗಮನಿಸಿ, ಆ ಪುಸ್ತಕದ ಕಟುವಾದ ಟೀಕೆಗಳನ್ನು ಬರೆಯಬಲ್ಲವರು ಸರಣಿಯನ್ನು ಪೂರ್ತಿ ಓದಿದವರೇ. ಯಾವ ಪಾತ್ರದ ದನಿ ಎಲ್ಲಿ ತಪ್ಪಿತು, ಯಾವ ಭಾಗದ ಮಾತನ್ನು ಯಾವ ಭಾಗ ಮುರಿಯಿತು ಎಂಬುದು ಅವರಿಗೆ ಬಾಯಿಪಾಠ. ವಿಶ್ವವಿದ್ಯಾಲಯದ ಪ್ರಬಂಧಕ್ಕಿಂತ ಸೂಕ್ಷ್ಮವಾದ ಓದು ಎಷ್ಟೋ ಸಲ ಅಲ್ಲಿದೆ. ಕನ್ನಡದಲ್ಲೂ ‘ತುಳಸಿ’ಯ ಬಗ್ಗೆ, ರವಿ ಬೆಳಗೆರೆಯವರ ‘ಮಾಟಗಾತಿ’ ಮತ್ತು ‘ಸರ್ಪ ಸಂಬಂಧ’ಗಳ ಬಗ್ಗೆ ಇಂಥ ಓದು ನಡೆದಿದೆ. ಚಹಾದ ಅಂಗಡಿಯಲ್ಲಿ, ಹಾಸ್ಟೆಲಿನಲ್ಲಿ, ಗದಗ–ಹುಬ್ಬಳ್ಳಿ ಬಸ್ಸಿನಲ್ಲಿ ನಡೆದು ಹಾಗೇ ಹೋಗಿದೆ. ಅದನ್ನು ಬರೆದಿಟ್ಟವರಿಲ್ಲ. ಬಾಡಿಗೆ ಅಂಗಡಿಗಳು ಮುಚ್ಚಿದಾಗ ಆ ಪ್ರತಿಗಳು ರದ್ದಿಗೆ ಹೋದವು, ಕೊನೆಯ ಹಾಳೆಗಳೂ ಅವುಗಳ ಜೊತೆ ಹೋದವು. ಕನ್ನಡ ಓದಿನ ಚರಿತ್ರೆ ಬರೆಯಬೇಕೆಂದು ನಾಳೆ ಯಾರಾದರೂ ಹೊರಟರೆ ಅವರಿಗೆ ಸಿಗಬೇಕಾದ ಮೊದಲ ದಾಖಲೆಯೇ ಅವು.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಹರಿದ ಪುಸ್ತಕಗಳಿಗೆ ಅಲ್ಲಿ ಮತ್ತೆ ರಟ್ಟು ಹಾಕಿಸುವಾಗ ಕೊನೆಯಲ್ಲಿ ನಾಲ್ಕು ಖಾಲಿ ಹಾಳೆ ಸೇರಿಸಿ ಹೊಲಿಯಿಸಿ ಎಂದು ನನ್ನ ವಿನಂತಿ. ಓದಿದವರು ತಮಗೆ ಅನ್ನಿಸಿದ್ದನ್ನು ತಾರೀಖು ಹಾಕಿ ಬರೆಯಲಿ, ಹೆಸರು ಬೇಕಿಲ್ಲ. ಹಿಡಿಸದಿದ್ದರೆ ಯಾವ ಪುಟದಿಂದ ಹಿಡಿಸಲಿಲ್ಲ ಎಂಬುದನ್ನು ತಪ್ಪದೆ ಬರೆಯಲಿ. ಈ ದತ್ತಿಯ ಬಡ್ಡಿಯಲ್ಲಿ ಉಪನ್ಯಾಸಕನಿಗೆಂದು ತೆಗೆದಿಟ್ಟ ಸಂಭಾವನೆಯನ್ನು ಆ ರಟ್ಟಿನ ಖರ್ಚಿಗೆ ಇಟ್ಟುಕೊಳ್ಳಬೇಕೆಂದು ಅಧ್ಯಕ್ಷರಲ್ಲಿ ಕೇಳಿಕೊಂಡಿದ್ದೇನೆ, ಅವರು ಒಪ್ಪಿದ್ದಾರೆ. ಬಿಂಕದಕಟ್ಟಿಯ ಗ್ರಂಥಾಲಯದ ಕಪಾಟಿನಲ್ಲಿರುವ ಕಾದಂಬರಿಗಳಿಂದಲೇ ಆ ಕೆಲಸ ಶುರುವಾಗಲಿ.